ಉದ್ಧರಣ ಚಿಹ್ನೆಯೊಳಗಿನ ಕಡತ

ನಮ್ಮೂರಿನಲ್ಲಿ ಚಳಿಗಾಲ ಮುಗಿದ ಮೇಲೆ ನಲವತ್ತು ದಿನ ಸದ್ದು ಕೇಳಿಸುವುದಿಲ್ಲ. ನಾವು ಅದನ್ನು ಮೌನಗಾಲ ಎನ್ನುತ್ತೇವೆ. ಆಗ ಎಲ್ಲರ ಕೊರಳಲ್ಲೂ ಒಂದೊಂದು ಸ್ಲೇಟು ನೇತಾಡುತ್ತದೆ. ಹಾಲಿನವಳು ಬಾಗಿಲು ಬಡಿಯುವುದಿಲ್ಲ, ಕಿಟಕಿಯಿಂದ ಇಳಿಬಿಟ್ಟ ದಾರ ಎಳೆಯುತ್ತಾಳೆ. ಒಳಗೆ ಒಲೆಯ ಮೇಲೆ ಕಟ್ಟಿದ ಕೆಂಪು ಬಟ್ಟೆ ಕುಣಿಯುತ್ತದೆ. ಜಗಳಗಳು ಬರವಣಿಗೆಯಲ್ಲಿ ನಡೆಯುತ್ತವೆ. ಬೈದವರ ಕಾಗುಣಿತವನ್ನು ಬೈಸಿಕೊಂಡವರು ತಿದ್ದಿ ಕೊಡುವುದರಿಂದ ಅವು ಹೆಚ್ಚು ದೂರ ಹೋಗುವುದಿಲ್ಲ. ಹೊರಗಿನಿಂದ ಸೊಸೆಯಾಗಿ ಬಂದವರು ಮೊದಲ ವರ್ಷ ಅಳುತ್ತಾರೆ, ಎರಡನೆಯ ವರ್ಷ ಒಳ್ಳೆಯ ಬಳಪ ಆರಿಸಿಕೊಳ್ಳುತ್ತಾರೆ.

ಕಷ್ಟವಾಗುವುದು ಆಸ್ಪತ್ರೆಗೆ. ನಾನು ಸುಭದ್ರಾ, ಇಲ್ಲಿ ಹದಿನಾಲ್ಕು ವರ್ಷದಿಂದ ದಾದಿ. ಹೆರಿಗೆ ನೋವು ಬಂದವಳು ಎಷ್ಟು ಕಿರುಚಿದರೂ ಪಕ್ಕದ ಕೋಣೆಯವರಿಗೇ ತಿಳಿಯದ ದಿನಗಳವು. ಅದಕ್ಕೆಂದೇ ನಮ್ಮಲ್ಲೊಂದು ದೀಪದ ಫಲಕವಿದೆ. ಊರಿನ ನೂರಾ ಹದಿನೆಂಟು ಮನೆಗಳಲ್ಲಿ ಒಂದೊಂದು ಗುಂಡಿ. ಒತ್ತಿದರೆ ಮಣ್ಣಿನೊಳಗೆ ಹೂತ ತಂತಿಯಲ್ಲಿ ಸುದ್ದಿ ಬಂದು, ಆಸ್ಪತ್ರೆಯ ಕಂಪ್ಯೂಟರ್ ಅದನ್ನು ಹಿಡಿದು, ಫಲಕದ ಮೇಲೆ ಆ ಮನೆಯ ದೀಪ ಹೊತ್ತಿಸುತ್ತದೆ. ಪರದೆಯ ಮೇಲೆ ಮನೆಯ ಸಂಖ್ಯೆ, ಗುಂಡಿ ಒತ್ತಿದ ಹೊತ್ತು ಎರಡೂ ಮೂಡುತ್ತವೆ. ನಾನು ಚೀಲ ಎತ್ತಿಕೊಂಡು ಓಡುತ್ತೇನೆ.

ಆ ವರ್ಷ ಮೌನಕ್ಕೆ ಒಂಬತ್ತು ದಿನ ಇದೆ ಎನ್ನುವಾಗ ಕಂಪ್ಯೂಟರಿನೊಳಗೆ ಹಲ್ಲಿ ಹೊಕ್ಕು, ಸುಟ್ಟ ವಾಸನೆ ಬಂದು, ಎಲ್ಲ ಮುಗಿಯಿತು. ನಾಲ್ಕು ದಿನಕ್ಕೆ ಹೊಸ ಯಂತ್ರವೇನೋ ಬಂತು. ಅದನ್ನು ನಡೆಸುವ ವ್ಯವಸ್ಥೆಯೆಂದು ಹೊಸ ಲಿನಕ್ಸ್ ಹಾಕಿದ್ದರು. ಜೊತೆಗೆ ಸಾವಿರಾರು ಪ್ಯಾಕೇಜುಗಳು, ಎಂದರೆ ಪ್ರೋಗ್ರಾಮಿನ ಗಂಟುಗಳು, ತುಂಬಿದ ಮೂರು ಡಿಸ್ಕುಗಳನ್ನೂ ಕಳಿಸಿದ್ದರು. ಆದರೆ ಫಲಕ ನಡೆಸುವ ಪ್ರೋಗ್ರಾಮ್ ಯಾವ ಡಿಸ್ಕಿನಲ್ಲೂ ಇರಲಿಲ್ಲ. ಅದು ನಮ್ಮೂರಿನಲ್ಲೇ ಹುಟ್ಟಿದ್ದು. ಅದರ ಮೂಲ ಬರಹ ಮಾತ್ರ ನಮ್ಮ ಬೀರುವಿನಲ್ಲಿ ಒಂದು ಹಳೆಯ ಡಿಸ್ಕಿನಲ್ಲಿತ್ತು. ಮನುಷ್ಯರು ಓದುವಂತೆ ಬರೆದ ಆ ಪುಟಗಳನ್ನು ಯಂತ್ರ ತನಗೆ ಬೇಕಾದ ರೂಪಕ್ಕೆ ಅರೆದುಕೊಳ್ಳಬೇಕು. ಆ ಅರೆಯುವ ಕೆಲಸದವನ ಹೆಸರು ಕಂಪೈಲರ್.

ನಾನು ಕೈಪಿಡಿ ನೋಡಿಕೊಂಡು ಆಜ್ಞೆ ಕೊಟ್ಟೆ. ಪರದೆಯ ತುಂಬ ಸಾಲುಗಳು ಸುರಿದವು. ದೋಷ, ದೋಷ, ದೋಷ. ನಾನು ಕುರ್ಚಿಯಿಂದ ಎದ್ದು ನೇರ ಅಂಬುಜಾಕ್ಷಿಯ ಮನೆಗೆ ಹೋದೆ.

ಅಂಬುಜಾಕ್ಷಿ ಮೂವತ್ತು ವರ್ಷ ಟೈಪಿಂಗ್ ಶಾಲೆ ನಡೆಸಿದವರು. ಕಂಪ್ಯೂಟರ್ ಬಂದ ಮೇಲೆ ಅದನ್ನೂ ಕಲಿತು ಕಲಿಸಿದರು. ಅರವತ್ತೆರಡು ವಯಸ್ಸು, ಕನ್ನಡಕ ಮೂಗಿನ ತುದಿಗೆ. ಅವರು ಬಂದು ಕೂತು, ಸೆರಗು ಸಿಕ್ಕಿಸಿ, ಸುರಿದ ಸಾಲುಗಳನ್ನೆಲ್ಲ ಮೇಲಕ್ಕೆ ಉರುಳಿಸಿದರು.

"ಇದೇನಿದು, ಕೆಳಗಿರೋದನ್ನ ಬಿಟ್ಟು ಹಿಂದಕ್ಕೆ ಹೋಗ್ತಿದೀರಿ?" ಎಂದೆ.

"ಮೊದಲ್ನೇ ತಪ್ಪು ಯಾವುದು ಅಂತ ನೋಡ್ಬೇಕು ಕಣೇ. ಉಳಿದಿದ್ದೆಲ್ಲ ಅದರ ಸಂತಾನ. ನೀನು ಓದೋಕೆ ಮುಂಚೇನೇ ಗಾಬರಿ ಆದೆ ಅಷ್ಟೆ."

ಮೊದಲನೆಯ ಸಾಲು ಹೇಳುತ್ತಿದ್ದುದು ಇಷ್ಟೇ: ಕರ್ಸಸ್ ಡಾಟ್ ಎಚ್ ಎಂಬ ಕಡತ ಸಿಗಲಿಲ್ಲ. ಪರದೆಯ ಮೇಲೆ ಅಕ್ಷರಗಳನ್ನು ಜೋಡಿಸಿ ನಿಲ್ಲಿಸುವ ಸಿದ್ಧ ತುಣುಕುಗಳ ಲೈಬ್ರರಿ ಅದು ಎಂದು ಕೈಪಿಡಿಯಲ್ಲಿತ್ತು. ಯಂತ್ರವನ್ನೇ ಕೇಳಿದೆವು. ಆ ಲೈಬ್ರರಿ ಆಗಲೇ ಇದೆ, ಹೊಸದಾಗಿ ಹಾಕುವಂಥದ್ದು ಏನೂ ಇಲ್ಲ ಎಂದಿತು.

"ಇದೆ ಅಂತಾನೂ ಅದೇ ಹೇಳತ್ತೆ, ಇಲ್ಲ ಅಂತಾನೂ ಅದೇ ಹೇಳತ್ತೆ. ಇದಕ್ಕೆ ತಲೆ ಕೆಟ್ಟಿದೆ" ಎಂದೆ.

ಅಂಬುಜಾಕ್ಷಿ ಪ್ಯಾಕೇಜುಗಳ ಪಟ್ಟಿ ತೆಗೆದು ಬೆರಳಿಟ್ಟು ಓದುತ್ತ ಹೋದರು. ಅದೇ ಹೆಸರಿನ ಕೊನೆಗೆ 'ಡೆವ್' ಎಂದು ಸೇರಿಸಿದ ಇನ್ನೊಂದು ಪ್ಯಾಕೇಜು ಇತ್ತು.

"ನೋಡಿಲ್ಲಿ. ಹೊಲಿದ ರವಿಕೆ ಒಂದು, ಅದರ ಅಳತೆ ಚೀಟಿ ಇನ್ನೊಂದು. ತೊಟ್ಕೊಳ್ಳೋರಿಗೆ ರವಿಕೆ ಸಾಕು. ಹೊಲಿಯೋರಿಗೆ ಚೀಟಿ ಬೇಕು. ನಾವೀಗ ಹೊಲಿಯೋಕೆ ಕೂತಿದೀವಿ."

ಆ ಡೆವ್ ಪ್ಯಾಕೇಜು ಹಾಕಿದ ಮೇಲೆ ಕರ್ಸಸ್ ತಕರಾರು ಮಾಯವಾಯಿತು. ಅದರ ಜಾಗದಲ್ಲಿ ಯುಎಸ್‌ಬಿ ಡಾಟ್ ಎಚ್ ಬಂದು ಕೂತಿತು. ಫಲಕದ ತಂತಿಗಳು ಕಂಪ್ಯೂಟರಿಗೆ ಸೇರುವುದು ಆ ದಾರಿಯಲ್ಲಿ. ಈ ಸಲ ನಾನೇ ಜಾಣತನ ತೋರಿಸಿ, ಪಟ್ಟಿಯಲ್ಲಿ ಮೊದಲು ಕಂಡ ಯುಎಸ್‌ಬಿ ಡೆವ್ ಪ್ಯಾಕೇಜು ಹಾಕಿದೆ. ದೋಷ ಅಲ್ಲಾಡಲಿಲ್ಲ. ಮರುದಿನ ಬೆಳಿಗ್ಗೆ ಅಂಬುಜಾಕ್ಷಿ ಯಂತ್ರ ಕೇಳಿದ ಹೆಸರನ್ನೂ ನಾನು ಕೊಟ್ಟ ಕಡತದ ಹೆಸರನ್ನೂ ಕಾಗದದ ಮೇಲೆ ಒಂದರ ಕೆಳಗೊಂದು ಬರೆದರು. ಎರಡೂ ಒಂದೇ ಅಲ್ಲ. ನಾನು ಹಾಕಿದ್ದು ಹೊಸ ಕಾಲದ್ದು, ಪ್ರೋಗ್ರಾಮ್ ಬರೆದವರು ಬಳಸಿದ್ದು ಹಳೆಯದು. ಹಳೆಯದಕ್ಕೂ ಒಂದು ಪ್ಯಾಕೇಜು ಮೂರನೆಯ ಡಿಸ್ಕಿನ ತಳದಲ್ಲಿತ್ತು. ಯಾವ ಕಡತ ಯಾವ ಪ್ಯಾಕೇಜಿನಲ್ಲಿದೆ ಎಂಬ ಸೂಚಿಯೂ ಆ ಡಿಸ್ಕಿನಲ್ಲೇ ಸಿಕ್ಕಿತು. ಇನ್ನೇನು, ಏನು ಕೇಳಿದರೂ ಸೂಚಿ ನೋಡಿ ಕೊಡುವುದೇ ಎಂದು ಇಬ್ಬರೂ ಕಾಫಿ ಕುಡಿದೆವು.

ಆಗ ಯಂತ್ರ ಟೇಬಲ್ ಡಾಟ್ ಎಚ್ ಕೇಳಿತು.

ಸೂಚಿಯಲ್ಲಿ ಆ ಹೆಸರಿನ ಕಡತ ಐವತ್ತಮೂರು ಪ್ಯಾಕೇಜುಗಳಲ್ಲಿ ಇತ್ತು. ಒಂದೊಂದಾಗಿ ಹಾಕಿದೆವು. ದಿನವಿಡೀ ಅದೇ ಆಯಿತು. ಅಷ್ಟರಲ್ಲಿ ಊರಿನ ಅಂಚಿನಿಂದ ಸದ್ದು ತೆಳುವಾಗತೊಡಗಿತ್ತು. ಹಂಚಿನ ಕಾರ್ಖಾನೆಯ ಸೈರನ್ನು ಹತ್ತಿಯೊಳಗಿಂದ ಬಂದ ಹಾಗೆ ಕೇಳಿಸುತ್ತಿತ್ತು. ಮಧ್ಯಾಹ್ನ ಐವತ್ತೇಳನೆಯ ಮನೆಯ ಹಸೀನಾ ತಪಾಸಣೆಗೆ ಬಂದಳು. ತಗಡು ಕೆಲಸದವನ ಹೆಂಡತಿ, ಚೊಚ್ಚಲು, ಒಂಬತ್ತು ತುಂಬಿತ್ತು. ಹೋಗುವಾಗ ಬಾಗಿಲಲ್ಲಿ ನಿಂತು, "ಸಿಸ್ಟರ್, ನಾನು ಗುಂಡಿ ಒತ್ತಿದ್ರೆ ನೀವು ಬರ್ತೀರಲ್ಲ?" ಎಂದು ಕೇಳಿದಳು. ಬರುತ್ತೇನೆ ಎಂದೆ. ಅವಳು ಹೋದ ಮೇಲೆ ಮುಂದಿನ ಪ್ಯಾಕೇಜು ಹಾಕಿದೆ.

ಮೌನಕ್ಕೆ ಎರಡು ದಿನ ಇದ್ದಾಗ ಅಂಬುಜಾಕ್ಷಿ ದೋಷದ ಸಾಲಿನ ಮೇಲೆ ಬೆರಳಿಟ್ಟು, "ನಾನು ಮುದುಕಿ ಆದೆ. ಎರಡು ದಿನದಿಂದ ಕಣ್ಮುಂದೆ ಇದೆ, ಕಾಣ್ಲಿಲ್ಲ" ಎಂದರು.

"ಏನು?"

"ಕರ್ಸಸ್ ಹೆಸರು ಬರೆದಾಗ ಅದರ ಎರಡೂ ಕಡೆ ಬಾಣದ ಮೂತಿಯಂಥ ಗುರುತಿತ್ತು. ಯುಎಸ್‌ಬಿಗೂ ಅದೇ. ಈ ಟೇಬಲ್ ಮಾತ್ರ ಉದ್ಧರಣ ಚಿಹ್ನೆಯೊಳಗಿದೆ. ನೋಡು." ಕೈಪಿಡಿ ಹುಡುಕಿ ತೆಗೆದರು. ಬಾಣದ ಗುರುತು ಹಾಕಿದ್ದನ್ನು ವ್ಯವಸ್ಥೆಯ ಉಗ್ರಾಣದಲ್ಲಿ ಹುಡುಕಬೇಕು. ಉದ್ಧರಣ ಚಿಹ್ನೆ ಹಾಕಿದ್ದನ್ನು ಮೊದಲು ಬರೆದವರ ಸ್ವಂತ ಕಡತಗಳ ನಡುವೆಯೇ ಹುಡುಕಬೇಕು. "ಇದು ಹೊರಗಿನ ಸಾಮಾನಲ್ಲ ಸುಭದ್ರಾ. ಯಾವ ತಂತಿ ಯಾವ ಮನೆಯದು ಅನ್ನೋ ಪಟ್ಟಿ ಇರಬೇಕು, ಮೇಷ್ಟ್ರೇ ಬರೆದಿದ್ದು. ಡಿಸ್ಕಿಗೆ ಹಾಕೋದು ಮರೆತಿದಾರೆ, ಇಲ್ಲಾ ಮನೆಗೆ ತಗೊಂಡು ಹೋಗಿದಾರೆ. ಅವರನ್ನೇ ಕೇಳ್ಬೇಕು."

ನಾನು ಕೈಪಿಡಿ ಮುಚ್ಚಿಟ್ಟೆ.

ಮೇಷ್ಟ್ರು ಎಂದರೆ ದಕ್ಷಿಣಾಮೂರ್ತಿ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದವರು. ಫಲಕ ಅವರ ಕೈಕೆಲಸ. ತಂತಿ ಹೂಳಿದ್ದೂ ಅವರೇ, ಪ್ರೋಗ್ರಾಮ್ ಬರೆದದ್ದೂ ಅವರೇ. ಫಲಕ ಬಂದ ಮೊದಲ ವರ್ಷದ ಮೌನಗಾಲದಲ್ಲಿ ಒಂದು ಮಧ್ಯಾಹ್ನ ನಲವತ್ತೆರಡನೆಯ ದೀಪ ಹೊತ್ತಿತು. ನಾನು ಅಲ್ಲಿಗೆ ಓಡಿದೆ. ಅಲ್ಲಿ ಯಾರಿಗೂ ಏನೂ ಆಗಿರಲಿಲ್ಲ. ಹೆರಿಗೆ ನೋವು ಬಂದು ಗುಂಡಿ ಒತ್ತಿದ್ದು ಇಪ್ಪತ್ನಾಲ್ಕನೆಯ ಮನೆಯ ಸಾವಂತ್ರಮ್ಮ. ಪ್ರೋಗ್ರಾಮಿನಲ್ಲಿ ಎರಡು ತಂತಿಗಳ ಮನೆಸಂಖ್ಯೆ ಅದಲುಬದಲಾಗಿತ್ತು. ನಾನು ಅವಳ ಮನೆಗೆ ತಲುಪಿದಾಗ ಮಗು ಉಳಿದಿರಲಿಲ್ಲ. ಸದ್ದು ಮರಳಿದ ದಿನ ಆಸ್ಪತ್ರೆಯ ಮುಂದೆ ಜನ ಸೇರಿದರು. ನಾನು ಮೆಟ್ಟಿಲ ಮೇಲೆ ನಿಂತು, ಮೇಷ್ಟ್ರ ಫಲಕ ಸುಳ್ಳು ಹೇಳಿತು ಎಂದೆ. ಆ ವಾರವೇ ಅವರು ಶಾಲೆ ಬಿಟ್ಟು ಊರಾಚೆಯ ಇಟ್ಟಿಗೆ ಗೂಡುಗಳ ಹತ್ತಿರ ಮನೆ ಮಾಡಿದರು. ನಾವು ಫಲಕದ ಆ ಎರಡು ಸಂಖ್ಯೆಗಳ ಮೇಲೆ ಗಾಯಕ್ಕೆ ಹಚ್ಚುವ ಪಟ್ಟಿ ಅಂಟಿಸಿ, ಸಂಖ್ಯೆ ತಿದ್ದಿ ಬರೆದು, ಆರು ವರ್ಷ ನಡೆಸಿದೆವು.

"ನಾವೇ ಹೊಸದಾಗಿ ಪಟ್ಟಿ ಮಾಡಿದ್ರಾಗಲ್ವಾ? ಒಂದೊಂದೇ ಮನೆ ಗುಂಡಿ ಒತ್ತಿಸಿ ನೋಡೋಣ" ಎಂದೆ.

"ಒತ್ತಿದ್ದನ್ನ ನೋಡೋದಕ್ಕೇ ಈ ಪ್ರೋಗ್ರಾಮ್ ಬೇಕು. ಬೆಳಿಗ್ಗೆ ಚಪ್ಪಲಿ ಹಾಕ್ಕೊಂಡು ಸಿದ್ಧವಾಗಿರು."

ಮರುದಿನ ಬೆಳಿಗ್ಗೆ ಹೊರಟೆವು. ಮೇಷ್ಟ್ರು ಬಾವಿಯ ಹತ್ತಿರ ಪಂಪು ಬಿಚ್ಚಿಕೊಂಡು ಕೂತಿದ್ದರು. ಸುತ್ತ ಬಾತುಕೋಳಿಗಳು. ಅವು ಬಾಯಿ ತೆರೆದು ಕೂಗುತ್ತಿದ್ದುದು ನಮಗೆ ಪಿಸುಮಾತಿನಷ್ಟೇ ಕೇಳುತ್ತಿತ್ತು. ಮೇಷ್ಟ್ರು ತಲೆ ಎತ್ತಿ ಅಂಬುಜಾಕ್ಷಿಗೆ ಕೈ ಮುಗಿದರು. ನನ್ನನ್ನು ನೋಡಲಿಲ್ಲ. ಅಂಬುಜಾಕ್ಷಿ ಬಂದ ಕಾರಣ ಹೇಳಿದರು.

"ಆ ಕಡತ ನನ್ನ ಹತ್ರ ಇಲ್ಲ" ಎಂದರು ಮೇಷ್ಟ್ರು. "ಮನೇಲಿದ್ದ ನನ್ನ ಕಂಪ್ಯೂಟರನ್ನ ಆವತ್ತೇ ಬಿಚ್ಚಿ ಹಾಕ್ದೆ. ಊರಲ್ಲಿ ಬುದ್ಧಿವಂತರಿಗೇನು ಬರವೇ? ಬರ್ಕೊಳ್ಳಲಿ."

"ಹಸೀನಾಗೆ ದಿನ ತುಂಬಿದೆ ಮೇಷ್ಟ್ರೇ."

"ಸುಳ್ಳು ಹೇಳೋ ಫಲಕ ಯಾಕಮ್ಮಾ ಅವಳಿಗೆ?"

ಅವರು ಮತ್ತೆ ಪಂಪಿನ ಕಡೆ ತಿರುಗಿದರು. ಅಂಬುಜಾಕ್ಷಿ ನನ್ನ ಮುಖ ನೋಡಿದರು. ಅವರಿಗೆ ಏನೂ ಗೊತ್ತಿರಲಿಲ್ಲ. ಕ್ಷಮೆ ಕೇಳಿಬಿಡು ಎಂಬಷ್ಟೇ ಆ ನೋಟದಲ್ಲಿತ್ತು. ಇನ್ನೊಂದು ದಿನ ಕಳೆದರೆ ನಾನು ಏನು ಹೇಳಿದರೂ ಯಾರಿಗೂ ಕೇಳಿಸುವುದಿಲ್ಲ ಎಂಬುದು ಹೊಳೆದು, ಒಂದು ಗಳಿಗೆ ಅದು ಸುಖವೆನಿಸಿತು. ಹಾಗೆ ಅನಿಸಿದ್ದಕ್ಕೆ ನಾಚಿಕೆಯಾಯಿತು.

"ಮೇಷ್ಟ್ರೇ, ಆವತ್ತು ದೀಪ ಹೊತ್ಕೊಂಡಾಗ ನಾನು ಒಳಗಿರಲಿಲ್ಲ" ಎಂದೆ. "ತಲೆಗೆ ನೀರು ಹಾಕ್ಕೊಂಡು ಹಿತ್ತಲಲ್ಲಿ ಕೂದಲು ಒಣಗಿಸ್ತಾ ಕೂತಿದ್ದೆ. ಒಳಗೆ ಬಂದು ನೋಡಿದ್ರೆ ಪರದೆ ಮೇಲೆ ಎರಡು ಹತ್ತು ಅಂತಿತ್ತು. ಗಡಿಯಾರದಲ್ಲಿ ಎರಡೂವರೆ. ಇಪ್ಪತ್ತು ನಿಮಿಷ. ತಪ್ಪು ಮನೆಗೆ ಓಡಿದ್ದು ಬರೀ ಏಳು ನಿಮಿಷ. ಆ ಇಪ್ಪತ್ತು ನಿಮಿಷ ನಾನು ಯಾರಿಗೂ ಹೇಳ್ಲಿಲ್ಲ. ನಿಮ್ಮ ತಲೆಗೇ ಎಲ್ಲಾನೂ ಹೊರಿಸ್ದೆ."

ಅಂಬುಜಾಕ್ಷಿ ನನ್ನ ತೋಳಿನ ಮೇಲಿಟ್ಟಿದ್ದ ಕೈ ತೆಗೆದರು. ಮೇಷ್ಟ್ರು ಸ್ಪ್ಯಾನರ್ ಕೆಳಗಿಟ್ಟರು. ಕೈಗೆ ಹತ್ತಿದ ಗ್ರೀಸನ್ನು ಒಂದೊಂದು ಬೆರಳಿಗೂ ಬಟ್ಟೆ ಸುತ್ತಿ ಒರೆಸಿಕೊಂಡರು. ಬೈಯುತ್ತಾರೆ ಎಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು.

"ಆರು ವರ್ಷ" ಎಂದರು. ಅಷ್ಟೇ ಹೇಳಿ ಒಳಗೆ ಹೋದರು.

ಬಹಳ ಹೊತ್ತಾದ ಮೇಲೆ ಒಂದು ನೋಟುಪುಸ್ತಕ ತಂದು, ನನ್ನ ಕೈಗಲ್ಲ, ಅಂಬುಜಾಕ್ಷಿಯ ಕೈಗೆ ಕೊಟ್ಟರು. "ಕಡತ ಇಲ್ಲ. ಕೈಬರಹದಲ್ಲಿದೆ. ಆ ಎರಡು ಸಾಲನ್ನ ಆ ವಾರಾನೇ ತಿದ್ದಿದ್ದೆ." ಆಮೇಲೆ ನನ್ನ ಕಡೆ ತಿರುಗಿದರು. "ತಿದ್ದಿದ್ದನ್ನ ತಂದು ಕೊಡೋಣ ಅಂತ ಆಸ್ಪತ್ರೆಗೆ ಬಂದಿದ್ದೆ ಕಣಮ್ಮ. ಜನ ಸೇರಿದ್ರು. ನೀನು ಮೆಟ್ಟಿಲ ಮೇಲೆ ನಿಂತು ಮಾತಾಡ್ತಾ ಇದ್ದೆ. ಹಾಗೇ ವಾಪಸ್ ಹೋದೆ."

ದಾರಿಯುದ್ದಕ್ಕೂ ಅಂಬುಜಾಕ್ಷಿ ನನಗಿಂತ ನಾಲ್ಕು ಹೆಜ್ಜೆ ಮುಂದೆಯೇ ನಡೆದರು. ಆಸ್ಪತ್ರೆಗೆ ಬಂದು ಕೀಲಿಮಣೆಯ ಮುಂದೆ ಕೂತ ಮೇಲೆ, "ನಿನ್ನ ಮೇಲೆ ನಂಗೆ ತುಂಬ ಸಿಟ್ಟಿದೆ. ಅದು ಆಮೇಲೆ. ಈಗ ಓದು" ಎಂದರು.

ನಾನು ನೋಟುಪುಸ್ತಕ ಹಿಡಿದು ಓದಿದೆ. ಒಂದೊಂದು ತಂತಿಗೆ ಒಂದು ಮನೆ, ಒಂದು ದೀಪ. "ಏಳು, ಕಾಮಾ, ಮೂವತ್ತೊಂದು, ಕಾಮಾ, ಮೂವತ್ತೊಂದು." ಅಂಬುಜಾಕ್ಷಿಯ ಬೆರಳುಗಳು ಮಳೆಹನಿಯ ಹಾಗೆ ಬೀಳುತ್ತಿದ್ದವು. ಅವರು ಒಮ್ಮೆಯೂ ಕೀಲಿ ನೋಡಲಿಲ್ಲ. ಹೊರಗೆ ಬಿಸಿಲು ಇಳಿಯುತ್ತಿತ್ತು. ಎಪ್ಪತ್ತನೆಯ ಸಾಲಿಗೆ ಕೀಲಿಗಳ ಟಕಟಕ ನಿಂತಿತು, ಬೆರಳು ಮಾತ್ರ ಆಡುತ್ತಿತ್ತು. ತೊಂಬತ್ತಾರನೆಯ ಸಾಲಿನಲ್ಲಿ "ಐವತ್ತೇಳು" ಎನ್ನಲು ಹೋದೆ. ಗಂಟಲು ಅಲುಗಿತು, ನನಗೇ ಕೇಳಿಸಲಿಲ್ಲ. ಮೌನ ಒಂದು ದಿನ ಮೊದಲೇ ಬಂದಿತ್ತು.

ಅಂಬುಜಾಕ್ಷಿ ಪರದೆಯಿಂದ ಕಣ್ಣು ತೆಗೆಯದೆ ಎಡಗೈ ಚಾಚಿದರು. ನಾನು ನೋಟುಪುಸ್ತಕವನ್ನು ಅವರ ಪಕ್ಕಕ್ಕೆ ನಿಲ್ಲಿಸಿ, ಸಾಲಿನ ಕೆಳಗೆ ಬೆರಳಿಟ್ಟು ಹಿಡಿದೆ. ಉಳಿದ ಇಪ್ಪತ್ತೆರಡು ಸಾಲು ಹಾಗೆ ಮುಗಿಸಿದೆವು. ಆಜ್ಞೆ ಕೊಟ್ಟರು. ಒಂದಾದ ಮೇಲೊಂದು ಕಡತ ದೋಷವಿಲ್ಲದೆ ದಾಟಿತು. ಕೊನೆಗೆ ಎಲ್ಲವನ್ನೂ ಸೇರಿಸಿ ಬಿಗಿಯುವ ಹಂತದಲ್ಲಿ ಮತ್ತೆ ದೋಷ: ಯಾವುದೋ ಹೆಸರಿಗೆ ನೆಲೆ ಸಿಕ್ಕಿಲ್ಲವಂತೆ. ಈ ಸಲ ಕಡತ ಕಾಣೆಯಾದ ಮಾತೇ ಇಲ್ಲ. ಸೂಚಿಯಲ್ಲಿ ಹುಡುಕಲು ಏನೂ ಇರಲಿಲ್ಲ. ಅಂಬುಜಾಕ್ಷಿ ಮೊದಲ ಸಾಲನ್ನು ನಾಲ್ಕು ಸಲ ಓದಿ, ಸ್ಲೇಟಿನ ಮೇಲೆ 'ಇದು ನನಗೆ ಗೊತ್ತಿಲ್ಲ' ಎಂದು ಬರೆದರು. ಅವರು ಹಾಗೆ ಬರೆದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಬಾಗಿಲಲ್ಲಿ ನೆರಳು ಕಂಡು ತಿರುಗಿದೆ. ದಕ್ಷಿಣಾಮೂರ್ತಿ ಮೇಷ್ಟ್ರು ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ, ಹೆಜ್ಜೆಯ ಸದ್ದು ಕೇಳುವಂತಿರಲಿಲ್ಲವಲ್ಲ. ಒಳಗೆ ಬಂದು ಬಗ್ಗಿ ಪರದೆ ಓದಿದರು. ನನ್ನ ಕೊರಳಿನ ಸ್ಲೇಟನ್ನೇ ಎಳೆದುಕೊಂಡು ಬರೆದರು: 'ಆಗ ಒಂದೇ ಇತ್ತು. ಈಗ ಕರ್ಸಸ್ ಎರಡು ಲೈಬ್ರರಿ ಆಗಿದೆ. ಎರಡನೆಯದು ಯಂತ್ರದಲ್ಲೇ ಇದೆ. ನಾವು ಕರೆದಿಲ್ಲ.' ಜೋಡಿಸುವ ಆಜ್ಞೆಗಳಿದ್ದ ಕಡತ ತೆರೆದು, ಒಂದು ಸಾಲಿನ ಕೊನೆಗೆ ಪುಟ್ಟದೊಂದು ಹೆಸರು ಸೇರಿಸಿದರು. ಪಕ್ಕಕ್ಕೆ ಸರಿದು ಅಂಬುಜಾಕ್ಷಿಗೆ ಜಾಗ ಬಿಟ್ಟರು.

ಈ ಸಲ ಯಂತ್ರ ಏನೂ ಹೇಳಲಿಲ್ಲ. ಖಾಲಿ ಸಾಲೊಂದನ್ನು ತೋರಿಸಿ ಸುಮ್ಮನೆ ಕಾಯಿತು. ಕೆಲಸ ಕೆಟ್ಟಿತೋ ಏನೋ ಎಂದು ನಾನು ಅಂಬುಜಾಕ್ಷಿಯ ಭುಜ ಅಲುಗಿಸಿದೆ. ಅವರು ನಗುತ್ತಿದ್ದರು.

ಮರುದಿನ ಮೇಷ್ಟ್ರು ಮನೆಮನೆಗೆ ನಡೆದು ಗುಂಡಿ ಒತ್ತಿದರು. ನಾವಿಬ್ಬರೂ ಫಲಕದ ಮುಂದೆ ಕೂತು ನೋಟುಪುಸ್ತಕದಲ್ಲಿ ಗುರುತು ಹಾಕಿದೆವು. ಆರು ವರ್ಷದಿಂದ ಆ ಮನೆಗಳ ಬಾಗಿಲಿಗೆ ಹೋಗದವರು ಅವರು. ಕೆಲವರು ನೀರು ಕೊಟ್ಟರಂತೆ, ಕೆಲವರು ಗುಂಡಿ ತೋರಿಸಿ ಒಳಗೆ ಹೋದರಂತೆ. ನೂರಾ ಹದಿನೆಂಟೂ ಸರಿಯಾಗಿ ಹೊತ್ತಿದವು. ಅಂಟಿಸಿದ್ದ ಪಟ್ಟಿಗಳನ್ನು ನಾನು ಉಗುರಿನಿಂದ ಕಿತ್ತೆ. ಕೆಳಗಿನ ಮರ ಆ ಎರಡು ಜಾಗದಲ್ಲಿ ಹೊಸದರಂತೆ ಬೆಳ್ಳಗಿತ್ತು.

ಮೌನದ ಆರನೆಯ ದಿನ ಮಧ್ಯಾಹ್ನ ಮೂರು ನಲವತ್ತಕ್ಕೆ ಐವತ್ತೇಳರ ದೀಪ ಹೊತ್ತಿತು. ಮೂರು ನಲವತ್ತೊಂದಕ್ಕೆ ನಾನು ಬೀದಿಯಲ್ಲಿದ್ದೆ. ಮಗು ಕಾಲು ಮುಂದಾಗಿ ಬರುತ್ತಿತ್ತು. ಹಸೀನಾಳ ಕಣ್ಣಲ್ಲಿ ಕಣ್ಣಿಟ್ಟು, ಅವಳು ಯಾವಾಗ ತಿಣುಕಬೇಕು, ಯಾವಾಗ ತಡೆಯಬೇಕು ಎಂಬುದನ್ನು ಅವಳ ಅಂಗೈ ಮೇಲೆ ಬೆರಳೊತ್ತಿ ಹೇಳಿದೆ. ಐದು ಗಂಟೆಗೆ ಹೆಣ್ಣು ಮಗು ನನ್ನ ಕೈಯಲ್ಲಿತ್ತು. ಇನ್ನಷ್ಟು ತಡವಾಗಿದ್ದರೆ ಎಂಬ ಲೆಕ್ಕ ನನಗೆ ಗೊತ್ತಿತ್ತು, ಹಾಕಲಿಲ್ಲ. ಮಗು ಕೆಂಪಗೆ ಬಾಯಿ ತೆರೆದು ಮೈಯೆಲ್ಲ ನಡುಗಿಸಿ ಅಳುತ್ತಿತ್ತು. ಹಸೀನಾ ಅದರ ಎದೆಯ ಮೇಲೆ ಕೈಯಿಟ್ಟು ಆ ಅಳುವನ್ನು ಮುಟ್ಟಿ ನೋಡಿದಳು.

ಮರುದಿನ ನಾನು ಇಪ್ಪತ್ನಾಲ್ಕನೆಯ ಮನೆಗೆ ಹೋದೆ. ಸಾವಂತ್ರಮ್ಮ ಹಪ್ಪಳ ಒಣಹಾಕುತ್ತಿದ್ದಳು. ಸ್ಲೇಟಿನ ಎರಡೂ ಬದಿ ತುಂಬ ಬರೆದು ತೋರಿಸಿದೆ. ಇಪ್ಪತ್ತು ನಿಮಿಷ, ಹಿತ್ತಲು, ಕೂದಲು, ಎಲ್ಲ. ಅವಳು ನಿಧಾನವಾಗಿ ಓದಿದಳು. ಸೆರಗಿನಿಂದ ಒರೆಸಿ, ನನ್ನ ಬಳಪ ತೆಗೆದುಕೊಂಡು ಬರೆದಳು: 'ಗೊತ್ತಿತ್ತು. ನಾನು ಗಡಿಯಾರ ನೋಡ್ತಾ ಮಲಗಿದ್ದೆ.'

ನಾನು ಅಲ್ಲೇ ಕೂತೆ. ಅವಳು ಹಪ್ಪಳದ ಕೆಲಸ ಮುಂದುವರಿಸಿದಳು. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಹಾಳೆ ನನ್ನ ಮುಂದೆ ಹಾಸಿ, ಒಂದು ತಟ್ಟೆ ಹಿಟ್ಟಿನ ಉಂಡೆಗಳನ್ನು ನನ್ನ ಕಡೆಗೆ ತಳ್ಳಿದಳು. ನಾನು ಸಂಜೆಯವರೆಗೆ ಹಪ್ಪಳ ಒತ್ತಿದೆ. ಅವಳು ಕ್ಷಮಿಸಿದಳೆಂದು ನಾನು ಹೇಳಲಾರೆ. ಆದರೆ ಮರುದಿನವೂ ಹೋದೆ, ಅವಳು ಮತ್ತೆ ಹಾಳೆ ಹಾಸಿದಳು.

ನಲವತ್ತು ದಿನ ತುಂಬಿದ ಮರುದಿನ ಬೆಳಿಗ್ಗೆ ಊರು ಬೀದಿಗೆ ಬಂತು. ಮೊದಲು ಬಾವಿಯ ಗಡಗಡೆ ಕಿರುಗುಟ್ಟಿತು, ಆಮೇಲೆ ಯಾರೋ ಕೆಮ್ಮಿದರು, ಅದಕ್ಕೇ ಎಲ್ಲರೂ ನಕ್ಕರು. ಜನ ಚದುರುವ ಮೊದಲು ನಾನು ಆಸ್ಪತ್ರೆಯ ಮೆಟ್ಟಿಲು ಹತ್ತಿ ಹೇಳಬೇಕಾದ್ದನ್ನು ಹೇಳಿದೆ. ಚೆನ್ನಾಗಿ ಹೇಳಲಿಲ್ಲ, ನಡುವೆ ಎರಡು ಸಲ ನಿಲ್ಲಿಸಿದೆ. ಅಂಬುಜಾಕ್ಷಿ ಬಂದು, "ಈಗ ಸ್ವಲ್ಪ ಸಿಟ್ಟು ಇಳೀತು. ಪೂರ್ತಿ ಅಲ್ಲ" ಎಂದು ನನ್ನ ಕೈ ಹಿಡಿದು ಐವತ್ತೇಳನೆಯ ಮನೆಗೆ ಕರೆದುಕೊಂಡು ಹೋದರು.

ಅಲ್ಲಿ ಅಂಗಳದ ತುಂಬ ಜನ. ಮೌನಗಾಲದಲ್ಲಿ ಹುಟ್ಟಿದ ಮಗುವಿನ ದನಿಯನ್ನು ಹೆತ್ತವಳೂ ಅಂದೇ ಮೊದಲು ಕೇಳುವುದು. ಆದರೆ ಮಗು ಗಾಢ ನಿದ್ದೆಯಲ್ಲಿತ್ತು. ಎಬ್ಬಿಸಿ ಎಂದು ಯಾರೋ ಅಂದರು. ಹಸೀನಾ ಬೇಡ ಎಂದು ತಲೆಯಾಡಿಸಿದಳು. ಇದ್ದವರು ಕಾದು ಬೇಸತ್ತು ಒಬ್ಬೊಬ್ಬರಾಗಿ ಹೊರಟರು. ಬಾಗಿಲ ಪಕ್ಕದ ಕಟ್ಟೆಯ ಮೇಲೆ ಮೇಷ್ಟ್ರು ಮಾತ್ರ ಕೂತೇ ಇದ್ದರು, ಮಂಡಿಯ ಮೇಲೆ ಎರಡೂ ಕೈ ಇಟ್ಟುಕೊಂಡು. ನಾನು ಸ್ವಲ್ಪ ದೂರ ಬಿಟ್ಟು ಅದೇ ಕಟ್ಟೆಯ ಮೇಲೆ ಕೂತೆ. ಅವರು ಸರಿದು ಹೋಗಲಿಲ್ಲ.

ಹನ್ನೊಂದರ ಹೊತ್ತಿಗೆ ಒಳಗಿನಿಂದ ಸಣ್ಣಗೆ ಮುಲುಕಿದ ಸದ್ದು. ಆಮೇಲೆ ಅಳು. ಒರಟು ದನಿ, ತಗಡು ಉಜ್ಜಿದ ಹಾಗೆ. ಹಸೀನಾ ಅಳುತ್ತ ನಗುತ್ತ, "ಅಯ್ಯೋ, ಅಪ್ಪನ ಅಂಗಡಿ ದನೀನೇ ಬಂದಿದೆ ಇದಕ್ಕೆ!" ಎಂದಳು.

ಮೇಷ್ಟ್ರು ತಲೆ ಬಾಗಿಸಿ ಕೇಳಿಸಿಕೊಂಡರು. ಮಗು ಒಮ್ಮೆ ನಿಂತು ಉಸಿರೆಳೆದುಕೊಂಡಾಗ ನನ್ನ ಕಡೆ ತಿರುಗಿ, "ಶ್ವಾಸಕೋಶ ಗಟ್ಟಿಯಾಗಿದೆ ಅಲ್ವೇನಮ್ಮಾ?" ಎಂದು ಕೇಳಿದರು.

"ಬಹಳ ಗಟ್ಟಿಯಾಗಿದೆ ಮೇಷ್ಟ್ರೇ" ಎಂದೆ.